ಹವ್ಯಾಸಿಗಳ ರೇಸಿನಲ್ಲಿ ಯಾರನ್ನೂ ಅರ್ಧಕ್ಕೆ ಇಳಿಸಬೇಡಿ

ನಮ್ಮ ಮೌಂಟನ್ ಬೈಕ್ ಟೀಮಿನ ಈ ವರ್ಷದ ಸೀಸನ್ ಮುಗಿಯಿತು. ಪೋಡಿಯಂ ಫೋಟೋಗಳನ್ನು ನೀವೆಲ್ಲ ಆಗಲೇ ನೋಡಿ ಲೈಕ್ ಒತ್ತಿದ್ದೀರಿ. ತುಂಬಾ ಥ್ಯಾಂಕ್ಸ್. ಆದರೆ ಆ ಫೋಟೋಗಳಲ್ಲಿ ಇಲ್ಲದವರ ಬಗ್ಗೆ, ಅಂದರೆ ನಿಧಾನ ಅಂತ ರೇಸಿನ ಅರ್ಧದಲ್ಲೇ ಹೊರಗೆ ಕರೆಸಿಕೊಂಡವರ ಬಗ್ಗೆ ಬರೆಯಲೇಬೇಕು ಅನ್ನಿಸಿತು. ಸ್ವಲ್ಪ ಉದ್ದವಾಗುತ್ತದೆ, ಪುರುಸೊತ್ತಾದಾಗ ಓದಿ.

ಗೊತ್ತಿಲ್ಲದವರಿಗೆ ಮೊದಲು ಟೀಮಿನ ಪರಿಚಯ. ನಮಗೆ ಸ್ಪಾನ್ಸರ್ ಇಲ್ಲ. ಜೆರ್ಸಿಯಿಂದ ಹಿಡಿದು ಎಂಟ್ರಿ ಫೀವರೆಗೆ ಎಲ್ಲ ಕೈಯಿಂದಲೇ. ಸಾಫ್ಟ್‌ವೇರ್‌ನವರಿದ್ದಾರೆ, ಬ್ಯಾಂಕಿನವರಿದ್ದಾರೆ, ಒಬ್ಬರು ಹೈಸ್ಕೂಲ್ ಟೀಚರ್, ಸೈಕಲ್ ಅಂಗಡಿಯಲ್ಲಿ ಮೆಕ್ಯಾನಿಕ್ ಆಗಿರುವ ಹುಡುಗನೂ ಇದ್ದಾನೆ. ಎಲ್ಲರಿಗಿಂತ ಜೋರು ಅಂದರೆ ಬಾಗಲಕೋಟೆ ಕಡೆಯ ತಮ್ಮ. ಆ ಭಾಗದಲ್ಲಿ ಸೈಕ್ಲಿಂಗ್ ಅಂದರೆ ಸುಮ್ನೆ ಅಲ್ಲ. ವಿಜಯಪುರ, ಬಾಗಲಕೋಟೆಯ ಕ್ರೀಡಾ ವಸತಿ ನಿಲಯಗಳಲ್ಲಿ ಬೆಳೆದ ಮಕ್ಕಳು ರಾಷ್ಟ್ರಮಟ್ಟದಲ್ಲಿ ಮೆಡಲ್ ತರುತ್ತಲೇ ಬಂದಿದ್ದಾರೆ. 2021ರಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ ನಡೆದದ್ದೂ ನಮ್ಮ ಗದಗದಲ್ಲೇ. ಈ ಹುಡುಗನ ಹಿಂದೆ ಅರ್ಧ ಗಂಟೆ ಸೈಕಲ್ ಹೊಡೆದರೆ ಸಾಕು, ತಿರುವಿನಲ್ಲಿ ಬ್ರೇಕ್ ಯಾವಾಗ ಬಿಡಬೇಕು ಅನ್ನುವುದು ತಾನಾಗಿ ತಿಳಿಯುತ್ತದೆ.

ನಮ್ಮ ಕಡೆ ರೇಸುಗಳು ಹೆಚ್ಚಾಗಿ ಮಳೆ ನಿಂತ ಮೇಲೆಯೇ. ಶುರುವಿನಲ್ಲಿ ಕೆಮ್ಮಣ್ಣು ಇನ್ನೂ ಹಸಿ ಇರುತ್ತದೆ, ಟೈರು ಚೆನ್ನಾಗಿ ಕಚ್ಚುತ್ತದೆ. ಫೆಬ್ರವರಿ ಹೊತ್ತಿಗೆ ಅದೇ ದಾರಿ ಪುಡಿಪುಡಿ. ಮೇಲೆ ಧೂಳು, ಕೆಳಗೆ ಗರಸು. ಟೈರಿನ ಗಾಳಿ ಸ್ವಲ್ಪ ಇಳಿಸಿಕೊಳ್ಳದಿದ್ದರೆ ತಿರುವಿನಲ್ಲಿ ಮುಂದಿನ ಚಕ್ರ ಜಾರಿತು ಅಂತಲೇ ಲೆಕ್ಕ. ಜೊತೆಗೆ ಬಳ್ಳಾರಿ ಜಾಲಿ. ಮುಳ್ಳು ಕಿತ್ತ ಕೂಡಲೇ ತೂತಿನಿಂದ ಬಿಳಿ ಸೀಲೆಂಟ್ (ಟ್ಯೂಬಿಲ್ಲದ ಟೈರಿನೊಳಗೆ ಹಾಕಿರುವ, ತೂತು ಮುಚ್ಚುವ ದ್ರವ) ಗುಳ್ಳೆ ಗುಳ್ಳೆಯಾಗಿ ಉಕ್ಕುತ್ತದೆ. ಚಕ್ರವನ್ನು ಒಂದೆರಡು ಸುತ್ತು ತಿರುಗಿಸಿ ತೂತು ಕೆಳಗೆ ಬರುವ ಹಾಗೆ ಹಿಡಿದರೆ ಅದೇ ಹೆಪ್ಪುಗಟ್ಟಿ ಮುಚ್ಚಿಕೊಳ್ಳುತ್ತದೆ. ಒಳಗಿನ ಸೀಲೆಂಟ್ ಒಣಗಿಹೋಗಿದ್ದರೆ ಮಾತ್ರ ಟ್ಯೂಬ್ ಹಾಕಿ, ಪಂಪು ಹೊಡೆಯಬೇಕು.

ಈಗ ವಿಷಯಕ್ಕೆ ಬರುತ್ತೇನೆ. ಶೇ 80 ನಿಯಮ.

ಒಲಿಂಪಿಕ್ ಮಾದರಿಯ ಕ್ರಾಸ್ ಕಂಟ್ರಿ ರೇಸಿನಲ್ಲಿ ಸುಮಾರು 4ರಿಂದ 6 ಕಿಲೋಮೀಟರಿನ ಒಂದು ಸುತ್ತನ್ನು, ಅಂದರೆ ಲ್ಯಾಪನ್ನು, ಹಲವು ಸಲ ಹಾಕಬೇಕು. ಮುಂದಿರುವವರು ಮೊದಲ ಲ್ಯಾಪಿಗೆ ಎಷ್ಟು ಹೊತ್ತು ತೆಗೆದುಕೊಂಡರು ಅಂತ ನೋಡುತ್ತಾರೆ. ಅದರ ಶೇ 80ಕ್ಕಿಂತ ಜಾಸ್ತಿ ನೀವು ಹಿಂದೆ ಬಿದ್ದರೆ ಆ ಲ್ಯಾಪಿನ ಕೊನೆಯಲ್ಲಿ ನಿಮ್ಮನ್ನು ಹೊರಗೆ ಕರೆಯುತ್ತಾರೆ. ಮುಂದಿನವರ ಲ್ಯಾಪ್ 15 ನಿಮಿಷದ್ದಾದರೆ ನಿಮಗೆ ಸಿಗುವ ಅಂತರ 12 ನಿಮಿಷ. ಕಾರಣವೂ ಸರಿಯಾಗಿದೆ. ದಾರಿ ಕೆಲವು ಕಡೆ ಒಂದೇ ಸೈಕಲ್ ಹಿಡಿಯುವಷ್ಟು ಅಗಲ. ಪದಕಕ್ಕಾಗಿ ಹೋರಾಡುತ್ತಿರುವವರು ಇಳಿಜಾರಿನಲ್ಲಿ ಬರುವಾಗ ಅಲ್ಲಿ ಒಂದು ಲ್ಯಾಪ್ ಹಿಂದಿರುವವರು ಸಿಕ್ಕಿಕೊಂಡರೆ ಇಬ್ಬರಿಗೂ ಅಪಾಯ. ವಿಶ್ವಕಪ್‌ಗೆ, ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗೆ ಈ ನಿಯಮ ಇರಲಿ. ಅದರ ಬಗ್ಗೆ ನನ್ನದು ಚಕಾರವಿಲ್ಲ.

ಆದರೆ ಭಾನುವಾರ ಬೆಳಿಗ್ಗೆ ಎಂಟ್ರಿ ಫೀ ಕಟ್ಟಿ ಬಂದ ಹವ್ಯಾಸಿಗಳ ರೇಸಿಗೂ ಅದನ್ನೇ ಎತ್ತಿ ಹಾಕುತ್ತಿದ್ದಾರಲ್ಲ, ಅದನ್ನು ನನಗೆ ಒಪ್ಪಲಾಗುತ್ತಿಲ್ಲ.

ಈ ಸೀಸನ್ನಿನ ಒಂದು ರೇಸು. ಯಾವುದು ಅಂತ ಬೇಡ. ಹೆಂಗಸರು ಬೆರಳೆಣಿಕೆಯಷ್ಟೇ ಇದ್ದರು ಅಂತ ಗಂಡಸರ ಹಿಂದೆಯೇ ಬಿಟ್ಟರು. ಅಂತರ ಲೆಕ್ಕ ಹಾಕಿದ್ದು ಮಾತ್ರ ಗಂಡಸರ ಲೀಡರಿನ ಟೈಮಿಗೆ. ನಮ್ಮ ಟೀಚರಮ್ಮ ಎರಡನೇ ಲ್ಯಾಪ್ ಮುಗಿಸಿ ಬಂದರು. ಮುಖದ ತುಂಬ ಕೆಂಪು ಧೂಳು, ಬೆವರು ಹರಿದ ಕಡೆ ಮಾತ್ರ ಗೆರೆ. ಆ ಲ್ಯಾಪಿನಲ್ಲಿ ಬಂಡೆಯ ಇಳಿಜಾರನ್ನು ಮೊದಲ ಸಲ ಕಾಲೂರದೆ ಇಳಿದಿದ್ದರು. ಕೂಗಿ ಹೇಳುತ್ತಲೇ ಬಂದರು, "ಇಳಿದೆ ಕಣ್ರೋ, ಪೂರ್ತಿ ಇಳಿದೆ!" ಅಷ್ಟರಲ್ಲಿ ದಾರಿ ನೋಡಿಕೊಳ್ಳುವ ಮಾರ್ಷಲ್ ಸೀಟಿ ಊದಿ ಕೈ ಅಡ್ಡ ಹಿಡಿದರು. "ಮೇಡಂ, ನಿಮ್ಮದು ಮುಗಿಯಿತು, ಸೈಡಿಗೆ ಬನ್ನಿ." ಅವರು ಏನೂ ವಾದ ಮಾಡಲಿಲ್ಲ. ಹೆಲ್ಮೆಟ್ ಬಿಚ್ಚಿ, "ನಂಗೆ ಸುಸ್ತೇ ಆಗಿಲ್ಲ ಸಾರ್" ಅಂದರು, ಅಷ್ಟೇ. ನಮ್ಮ ಬಾಗಲಕೋಟೆ ಹುಡುಗ ಆಮೇಲೆ ಕೇಳಿದ, "ಏನ್ರೀ ಅಕ್ಕಾರ, ಎರಡ ಲ್ಯಾಪಿಗೇ ತಗದ್ರೇನ್ರಿ? ನಾ ಸ್ವಲ್ಪ ನಿಧಾನ ಹೊಡದಿದ್ರ ನೀವು ಇನ್ನೊಂದ ಲ್ಯಾಪ ಹೊಡೀತಿದ್ರಿ." ಅವತ್ತು ಗೆದ್ದವನು ಅವನೇ.

ಆ ಮಾತಿನಲ್ಲೇ ನಿಯಮದ ತೊಡಕೆಲ್ಲ ಇದೆ ನೋಡಿ. ನಾವು ಎಷ್ಟು ಹೊತ್ತು ರೇಸ್ ಮಾಡಬಹುದು ಅನ್ನುವುದು ನಮ್ಮ ತಯಾರಿಯ ಮೇಲೆ ನಿಂತಿಲ್ಲ. ಅವತ್ತು ಯಾರು ಬಂದಿದ್ದಾರೆ ಅನ್ನುವುದರ ಮೇಲೆ ನಿಂತಿದೆ. 19 ನಿಮಿಷಕ್ಕೆ ಒಂದು ಲ್ಯಾಪ್ ಹೊಡೆಯುವವರನ್ನೇ ತೆಗೆದುಕೊಳ್ಳಿ. ಮುಂದಿನವರು 15 ನಿಮಿಷದವರಾದರೆ ಮೂರು ಲ್ಯಾಪಿನ ತನಕ ಹೇಗೋ ಉಳಿಯುತ್ತಾರೆ. ರಾಷ್ಟ್ರಮಟ್ಟದ ಒಬ್ಬರು ಬಂದು 12 ನಿಮಿಷಕ್ಕೆ ಹೊಡೆದರು ಅಂತಿಟ್ಟುಕೊಳ್ಳಿ, ಸಿಗುವ ಅಂತರ ಹತ್ತು ನಿಮಿಷವೂ ಇಲ್ಲ. ಎರಡನೇ ಲ್ಯಾಪಿಗೆ ಹೊರಗೆ. ಅದೇ ಮನುಷ್ಯ, ಅದೇ ಸೈಕಲ್, ಅದೇ ವೇಗ.

ಕಟ್ ಆಫ್ ಇರಲೇಬಾರದು ಅನ್ನುತ್ತಿಲ್ಲ. ಬ್ರೆವೆ, ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ ಮಾಡುವವರನ್ನು ಕೇಳಿ. 200 ಕಿಲೋಮೀಟರಿಗೆ 13 ಗಂಟೆ 30 ನಿಮಿಷ. ಹೆಸರು ಕೊಡುವಾಗಲೇ ಗೊತ್ತಿರುತ್ತದೆ. ಪಕ್ಕದವರು ಎಷ್ಟು ಬೇಗ ಮುಗಿಸಿದರೂ ನಿಮ್ಮ ಗಡಿಯಾರ ನಿಮ್ಮದೇ. ಅಂಥ ಕಟ್ ಆಫ್ ಕೊಟ್ಟರೆ ಯಾರೂ ಗೊಣಗುವುದಿಲ್ಲ. ಅದರೊಳಗೆ ಬರಲು ಆರು ತಿಂಗಳು ತಯಾರಿ ಮಾಡುತ್ತಾರೆ.

ಪಂಕ್ಚರ್ ಮಾತು ಬೇರೆ. 2024ರ ಪ್ಯಾರಿಸ್ ಒಲಿಂಪಿಕ್ಸ್ ನೋಡಿದವರಿಗೆ ಬ್ರಿಟನ್ನಿನ ಟಾಮ್ ಪಿಡ್‌ಕಾಕ್ ನೆನಪಿರಬೇಕು. ರೇಸಿನ ನಡುವೆ ಟೈರು ಹೋಯಿತು. ಟೆಕ್ ಝೋನಿನಲ್ಲಿ (ರಿಪೇರಿಗೆ ಅಂತ ಗುರುತು ಮಾಡಿದ ಜಾಗ) ಚಕ್ರ ಬದಲಾಯಿಸಿಕೊಂಡು, ಕಳೆದುಕೊಂಡ ಸಮಯವನ್ನು ಒಂದೊಂದೇ ಲ್ಯಾಪಿನಲ್ಲಿ ವಾಪಸ್ ಗಳಿಸಿ, ಕೊನೆಯ ಲ್ಯಾಪಿನಲ್ಲಿ ಫ್ರಾನ್ಸಿನ ಕೊರೆಟ್ಸ್‌ಕಿಯನ್ನು ಹಿಂದೆ ಹಾಕಿ ಚಿನ್ನ ಗೆದ್ದರು. ಅದನ್ನು ನೋಡಿ ನಾವೆಲ್ಲ ಕುಣಿದಾಡಿದ್ದೆವು. ಆದರೆ ನಮ್ಮಂಥವರಿಗೆ ಟೆಕ್ ಝೋನಿನಲ್ಲಿ ಚಕ್ರ ಹಿಡಿದು ನಿಲ್ಲುವವರು ಯಾರೂ ಇಲ್ಲ. ದಾರಿ ಪಕ್ಕ ಕೂತು ನಾವೇ ಟ್ಯೂಬ್ ಹಾಕಬೇಕು. ನಮ್ಮ ಮೆಕ್ಯಾನಿಕ್ ಹುಡುಗನಂಥ ಪಳಗಿದ ಕೈಗೂ ಐದಾರು ನಿಮಿಷ ಬೇಕು. ಬೇರೆಯವರಿಗೆ ಹತ್ತು. ಅಲ್ಲಿಗೆ ಶೇ 80ರ ಲೆಕ್ಕ ಮುಗಿದೇ ಹೋಗುತ್ತದೆ. ಕಾಡುದಾರಿಯಲ್ಲಿ ತನ್ನ ಸೈಕಲ್ಲನ್ನು ತಾನೇ ಸರಿಮಾಡಿಕೊಂಡು ಮತ್ತೆ ಹತ್ತುವುದು ಈ ಆಟದ ಜೀವಾಳ ಅಲ್ವಾ? ಅದನ್ನು ಮಾಡಿ ತೋರಿಸಿದವರನ್ನೇ ಮೊದಲು ಹೊರಗೆ ಕಳಿಸುತ್ತಿದ್ದೇವೆ.

ಈ ಆಟ ಹುಟ್ಟಿದ್ದೇ ಬೇರೆ ಥರ. 1976ರಲ್ಲಿ ಕ್ಯಾಲಿಫೋರ್ನಿಯಾದ ಮೌಂಟ್ ಟ್ಯಾಮಲ್‌ಪೈಸ್ ಹತ್ತಿರದ ಮಣ್ಣು ದಾರಿಯಲ್ಲಿ ಗೆಳೆಯರ ಗುಂಪೊಂದು ರೀಪ್ಯಾಕ್ ಅನ್ನುವ ರೇಸ್ ಶುರು ಮಾಡಿತು. ಹಳೆಯ ದಪ್ಪ ಟೈರಿನ ಸೈಕಲ್‌ಗಳು. ಒಬ್ಬೊಬ್ಬರನ್ನೇ ಬಿಡುತ್ತಿದ್ದರು, ಎಲ್ಲರೂ ಕೆಳಗೆ ಬಂದ ಮೇಲೆ ಟೈಮ್ ಹೋಲಿಸುತ್ತಿದ್ದರು. ಮೌಂಟನ್ ಬೈಕ್ ಕಟ್ಟಿ ಹೆಸರಾದ ಗ್ಯಾರಿ ಫಿಶರ್, ಜೋ ಬ್ರೀಝ್ ಅಲ್ಲಿಂದಲೇ ಬಂದವರು. 1990ರಲ್ಲಿ ಅಮೆರಿಕದ ಡ್ಯುರಾಂಗೋದಲ್ಲಿ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಶಿಪ್, 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್. ಆಮೇಲಾಮೇಲೆ ಲ್ಯಾಪ್‌ಗಳು ಚಿಕ್ಕದಾಗುತ್ತ ಬಂದವು. ಲ್ಯಾಪ್ ಚಿಕ್ಕದಾದಷ್ಟೂ ಹಿಂದಿರುವವರನ್ನು ಮುಂದಿನವರು ಬೇಗ ಬಂದು ಮುಟ್ಟುತ್ತಾರೆ. ದೊಡ್ಡ ರೇಸಿನ ಆ ಅನಿವಾರ್ಯತೆ ನಮ್ಮ ಊರಿನ ರೇಸಿಗೆ ಇಲ್ಲ.

ಆಯೋಜಕರ ಕಷ್ಟ ನನಗೆ ಅರ್ಥವಾಗುತ್ತದೆ. ಜಾಗದವರು ಇಂಥ ಹೊತ್ತಿಗೆ ಖಾಲಿ ಮಾಡಿ ಅಂತ ಮೊದಲೇ ಹೇಳಿರುತ್ತಾರೆ. ಆಂಬುಲೆನ್ಸ್ ನಿಲ್ಲಿಸಿಕೊಂಡಷ್ಟೂ ಬಾಡಿಗೆ. ಮಾರ್ಷಲ್‌ಗಳು ದುಡ್ಡಿಗೆ ಬಂದವರಲ್ಲ, ಬೆಳಗಿನ ಜಾವದಿಂದ ಬಿಸಿಲಲ್ಲಿ ನಿಂತಿರುತ್ತಾರೆ. ಅವರಿಲ್ಲದೆ ರೇಸೇ ಇಲ್ಲ. ಆದರೆ ಇದಕ್ಕೆಲ್ಲ ಒಂದು ಸುಲಭದ ದಾರಿ ಇದೆ. ಮುಂದಿನವರು ಫಿನಿಶ್ ಮಾಡಿದ ಮೇಲೆ ಹೊಸ ಲ್ಯಾಪಿಗೆ ಯಾರನ್ನೂ ಬಿಡಬೇಡಿ. ಅಷ್ಟೊತ್ತಿಗೆ ದಾರಿಯಲ್ಲಿ ಇರುವವರು ತಮ್ಮ ಲ್ಯಾಪ್ ಮುಗಿಸಿ ಫಿನಿಶ್ ಗೆರೆ ದಾಟಲಿ. ಎಷ್ಟು ಲ್ಯಾಪ್, ಎಷ್ಟು ಹೊತ್ತು, ಎರಡನ್ನೂ ರಿಸಲ್ಟಿನಲ್ಲಿ ಬರೆಯಿರಿ. ಇದಕ್ಕೆ ಹಿಡಿಯುವ ಹೆಚ್ಚಿನ ಸಮಯ ಎಷ್ಟು? ತೀರಾ ನಿಧಾನದವರ ಒಂದು ಲ್ಯಾಪ್, ಅದಕ್ಕಿಂತ ಜಾಸ್ತಿಯಿಲ್ಲ.

ಸಿಂಗಲ್ ಟ್ರ್ಯಾಕಿನಲ್ಲಿ, ಅಂದರೆ ಒಂದೇ ಸೈಕಲ್ ಹಿಡಿಯುವ ದಾರಿಯಲ್ಲಿ ಡಿಕ್ಕಿಯಾದರೆ ಅಂತ ಕೇಳಬಹುದು. ಹಿಂದಿನಿಂದ "ಟ್ರ್ಯಾಕ್" ಅಂತ ಕೂಗು ಕೇಳಿದರೆ ಪಕ್ಕಕ್ಕೆ ಸರಿಯಬೇಕು. ರೇಸಿನ ಬ್ರೀಫಿಂಗಿನಲ್ಲಿ ಖಡಾಖಂಡಿತವಾಗಿ ಹೇಳಿ, ಬಿಡದವರಿಗೆ ದಂಡ ಹಾಕಿ. ನಿಧಾನ ಹೋಗುವವರು ದಾರಿ ಬಿಡುವುದಿಲ್ಲ ಅನ್ನುವುದು ನಾನು ಕಂಡ ಮಟ್ಟಿಗೆ ಸುಳ್ಳು. ಅವರೇ ಎಲ್ಲರಿಗಿಂತ ಮೊದಲು ಸರಿದು ನಿಂತು "ಹೋಗಿ ಹೋಗಿ, ಸೂಪರ್!" ಅಂತ ಹುರಿದುಂಬಿಸುತ್ತಾರೆ. ಇನ್ನು ತೀರಾ ಜೋರಿನವರು ಬಂದಿದ್ದರೆ ಅವರಿಗೆ ಬೇರೆ ಹೊತ್ತಿನಲ್ಲಿ ರೇಸ್ ಇಡಿ. ಹೆಂಗಸರ ಲೆಕ್ಕವನ್ನು ಹೆಂಗಸರ ಲೀಡರಿಗೇ ಹಾಕಿ. ಇದಕ್ಕೆ ಖರ್ಚೇನೂ ಇಲ್ಲ, ಒಂದು ಸ್ಟಾಪ್‌ವಾಚ್ ಸಾಕು.

ನನಗೆ ಇಷ್ಟು ಸಂಕಟ ಯಾಕೆ ಅಂದರೆ, ಹೀಗೆ ಹೊರಗೆ ಕರೆಸಿಕೊಂಡವರಲ್ಲಿ ಎಷ್ಟೋ ಜನ ಮತ್ತೆ ಬರುವುದಿಲ್ಲ. ಅವರು ಯಾರ ಮೇಲೂ ಕೂಗಾಡುವುದಿಲ್ಲ. ಮುಂದಿನ ರೇಸಿಗೆ ಹೆಸರು ಕೊಡುವುದಿಲ್ಲ, ಅಷ್ಟೇ. ಪಂಕ್ತಿಯಲ್ಲಿ ಕೂತವರನ್ನು ಪಾಯಸ ಬರುವ ಮೊದಲೇ ಎಬ್ಬಿಸಿದರೆ ಅವರು ಮತ್ತೆ ಆ ಮನೆಗೆ ಊಟಕ್ಕೆ ಹೋಗುತ್ತಾರಾ? ಆಮೇಲೆ ಹೆಂಗಸರ ಕ್ಯಾಟಗರಿಯಲ್ಲಿ ಎಂಟ್ರಿಯೇ ಬರುವುದಿಲ್ಲ, ನಲವತ್ತು ದಾಟಿದವರು ಯಾರೂ ಇಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತೇವೆ. ಬೇಕಾದವರನ್ನು ನಾವೇ ಕಳಿಸಿಬಿಟ್ಟಿದ್ದೇವೆ. ರೇಸಿಗೆ ದುಡ್ಡು ಹುಟ್ಟುವುದೂ ಇವರಿಂದಲೇ. ಮುಂದಿನ ಹತ್ತು ಜನರ ಎಂಟ್ರಿ ಫೀಯಲ್ಲಿ ಆಂಬುಲೆನ್ಸಿನ ಬಾಡಿಗೆಯೂ ಹುಟ್ಟುವುದಿಲ್ಲ.

ನಮ್ಮ ಟೀಮಿನಿಂದ ಇದನ್ನೆಲ್ಲ ಬರೆದು ಆಯೋಜಕರಿಗೆ ಕಳಿಸಿದ್ದೇವೆ. ಒಬ್ಬರು ಫೋನ್ ಮಾಡಿ, ಓಪನ್ ಕ್ಯಾಟಗರಿಯಲ್ಲಿ ಮುಂದಿನ ಸಲ ಹೀಗೇ ಮಾಡಿ ನೋಡೋಣ ಅಂದಿದ್ದಾರೆ. ಅವರಿಗೆ ಮಾರ್ಷಲ್‌ಗಳು ಸಾಲದಾದರೆ ನಮ್ಮ ಟೀಮಿನಿಂದ ರೇಸ್ ಇಲ್ಲದವರು ಹೋಗಿ ನಿಲ್ಲುತ್ತೇವೆ ಅಂತ ಮಾತು ಕೊಟ್ಟಿದ್ದೇವೆ. ನೀವೂ ಮುಂದಿನ ರೇಸಿಗೆ ದುಡ್ಡು ಕಟ್ಟುವ ಮೊದಲು ಒಂದು ಮೆಸೇಜ್ ಹಾಕಿ ಕೇಳಿ: ಹವ್ಯಾಸಿಗಳಿಗೂ ಶೇ 80 ಇದೆಯಾ? ಹತ್ತು ಜನ ಕೇಳಿದರೆ ಅವರೂ ಯೋಚನೆ ಮಾಡುತ್ತಾರೆ. ಟೀಚರಮ್ಮ ಆಗಲೇ ಕೇಳಿದ್ದಾರೆ, ಉತ್ತರ ಬಂದ ಮೇಲೆ ಕಾಮೆಂಟಿನಲ್ಲಿ ಹಾಕುತ್ತೇನೆ.