ಒಂದೇ ಒಂದು 'ಡಿ'

ರಾತ್ರಿ 2 ಗಂಟೆ. ಲಿನಕ್ಸ್ ಸರ್ವರಿಗೆ ದೂರದಿಂದ ಲಾಗಿನ್ ಆಗೋಕೆ ಬಳಸೋ ಎಸ್‌ಎಸ್‌ಎಚ್‌ನಲ್ಲಿ ಪಾಸ್‌ವರ್ಡ್ ಲಾಗಿನ್ ಬಂದ್ ಮಾಡೋಣ ಅಂತ ಅದರ ಸೆಟ್ಟಿಂಗ್ ಫೈಲ್ ತೆಗೆದು 'ನೋ' ಅಂತ ಬರೆದೆ, ಸರ್ವಿಸ್ ರೀಸ್ಟಾರ್ಟ್ ಮಾಡಿದೆ. ಆದರೂ ಪಾಸ್‌ವರ್ಡ್ ಕೇಳ್ತಾನೇ ಇದೆ! ಮುಕ್ಕಾಲು ಗಂಟೆ ತಲೆ ಚಚ್ಚಿಕೊಂಡ ಮೇಲೆ ಗೊತ್ತಾಯ್ತು: ತಿದ್ದಿದ್ದು ಎಸ್‌ಎಸ್‌ಎಚ್_ಕಾನ್ಫಿಗ್, ತಿದ್ದಬೇಕಿದ್ದು ಎಸ್‌ಎಸ್‌ಎಚ್‌ಡಿ_ಕಾನ್ಫಿಗ್. ಅದು ಕ್ಲೈಂಟಿಗಂತೆ, ಅಂದರೆ ಲಾಗಿನ್ ಆಗೋಕೆ ಹೊರಟ ಕಡೆಗೆ; 'ಡಿ' ಇರೋ ಇದು ಸರ್ವರಿಗಂತೆ. ಎರಡೂ ಒಂದೇ ಫೋಲ್ಡರಲ್ಲಿ, ಅವಳಿಜವಳಿ ಥರ. ನಾನು ಬರೆದ ಸಾಲು ಎರಡರಲ್ಲೂ ನಡೆಯುತ್ತೆ, ಹಾಗಾಗಿ ಒಂದು ಎರರ್ ಕೂಡ ಇಲ್ಲ. 'ಸರ್ವರ್' ಅಂತ ಪೂರ್ತಿ ಬರೆದಿದ್ರೆ ಹೆಸರಿಟ್ಟವರ ಗಂಟೇನು ಹೋಗ್ತಿತ್ತು?

ಮ್ಯಾನ್ ಪೇಜ್, ಅಂದರೆ ಲಿನಕ್ಸ್ ಜೊತೆಗೇ ಬರೋ ಕೈಪಿಡಿ, ಅದರ ಕಥೆ ಇನ್ನೂ ಚಂದ. ಹೊತ್ತುಹೊತ್ತಿಗೆ ತಾನೇ ಕೆಲಸ ಓಡಿಸೋ ಪಟ್ಟಿ ಕ್ರಾನ್‌ಟ್ಯಾಬ್. 'ಮ್ಯಾನ್ ಕ್ರಾನ್‌ಟ್ಯಾಬ್' ಅಂದರೆ ಬರೀ ಕಮಾಂಡಿನ ಪುರಾಣ. ಆ ಪಟ್ಟಿಯಲ್ಲಿ ಹೊತ್ತು ಹೇಳೋ ಐದು ನಕ್ಷತ್ರಗಳ (* * * * *) ಅರ್ಥ ಬೇಕಿದ್ದರೆ 'ಮ್ಯಾನ್ 5 ಕ್ರಾನ್‌ಟ್ಯಾಬ್' ಅಂತ ನಡುವೆ 5 ಹಾಕಬೇಕು. ಯಾರಿಗೆ ಕನಸು ಬೀಳುತ್ತೆ? ವೆಬ್ ಸರ್ವರ್ ಅಪಾಚೆಯಂತೂ ಡೆಬಿಯನ್ ಅನ್ನೋ ಲಿನಕ್ಸ್‌ನಲ್ಲಿ ಅಪಾಚೆ2, ರೆಡ್ ಹ್ಯಾಟ್ ಅನ್ನೋ ಲಿನಕ್ಸ್‌ನಲ್ಲಿ ಎಚ್‌ಟಿಟಿಪಿಡಿ. ಊರಿಗೊಂದು ಹೆಸರಿಟ್ಟುಕೊಂಡು ತಿರುಗೋಕೆ ಅದೇನು ಸಾಲ ಮಾಡಿ ತಲೆಮರೆಸಿಕೊಂಡಿದೆಯಾ?