ತೊಗರಿ ಹೊಲಕ್ಕೆ ಬಂದ ಒಟಿಪಿ

ಪಹಣಿ ತೆಗೆಸಲು ಹೋಗಿ ಜೇವರ್ಗಿ ಕಡೆಯ ನಮ್ಮೂರಿನ ಗ್ರಾಮ ಒನ್ ಕೇಂದ್ರದ ಬೆಂಚಿನ ಮೇಲೆ ಕುಳಿತಿದ್ದೆ. ನನಗಿಂತ ಮುಂದಿದ್ದವನು ನಮ್ಮ ಓಣಿಯ ಪದವೀಧರ. ಬಿ.ಎ. ಮುಗಿಸಿ ಅಪ್ಪನ ಮನೆಯಲ್ಲಿ ಅವ್ವ ಬಡಿದ ರೊಟ್ಟಿ ತಿಂದುಕೊಂಡಿರುವ ಹುಡುಗ ಅಂದು ಇಸ್ತ್ರಿ ಅಂಗಿ ತೊಟ್ಟಿದ್ದ. ಕೆಲಸವಿಲ್ಲ ಎಂದು ಹೇಳಿ ಬರುವುದು ಅವನಿಗೆ ಆಗಾಗ ಬರುವ ಒಂದು ದಿನದ ಕೆಲಸ.

ಯುವನಿಧಿ ಗೊತ್ತಲ್ಲ? ಕೆಲಸ ಸಿಗದವರಿಗೆ ರಾಜ್ಯ ಸರ್ಕಾರ ಕೊಡುವ ಭತ್ಯೆ: ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ. ಕಂಪನಿಗಳು ಅನುಭವ ಕೇಳುತ್ತವೆ ಎಂದು ಹುಡುಗರು ಗೊಣಗುತ್ತಾರೆ, ಇಲ್ಲಿಯೂ ಬಿಟ್ಟಿಲ್ಲ. ಪಾಸಾದ ಮೇಲೆ 180 ದಿನ ಖಾಲಿ ಕುಳಿತ ಅನುಭವ ಬೇಕು. ಬೇಸರ ಕಳೆಯಲೆಂದು ಎಂ.ಎ.ಗೆ ಸೇರಿದಿರೋ, ಹಣವಿಲ್ಲ. ಓದುವ ಚಟದವನು ನಿರುದ್ಯೋಗಕ್ಕೂ ನಾಲಾಯಕ್ಕು. ಇಷ್ಟೆಲ್ಲ ಪಾಸಾದವನು ಗೊತ್ತುಮಾಡಿದ ತಿಂಗಳ 25ನೇ ತಾರೀಖಿನೊಳಗೆ ‘ಇನ್ನೂ ಕೆಲಸ ಸಿಕ್ಕಿಲ್ಲ’ ಎಂದು ಸ್ವಯಂ ಘೋಷಣೆ ಮಾಡಬೇಕು.

ಘೋಷಣೆಯೇನೋ ಸ್ವಯಂ, ಆಧಾರ್‌ಗೆ ಜೋಡಿಸಿದ ಮೊಬೈಲ್ ಮಾತ್ರ ಅಪ್ಪನದು. ಅಪ್ಪ ತೊಗರಿ ಹೊಲದಲ್ಲಿ, ಅಪ್ಪನ ಕನ್ನಡಕ ಮನೆಯಲ್ಲಿ. ‘ನಂಬರ್ ಬಂತೇನಪ್ಪಾ?’ ಎಂದು ಇವನು ಫೋನಿನಲ್ಲಿ ಕೂಗಿದ. ಕಳೆ ತೆಗೆಯುತ್ತಿದ್ದ ಹೆಣ್ಣುಮಗಳೊಬ್ಬಳು ಕೈಯ ಮಣ್ಣು ಸೆರಗಿಗೆ ಒರೆಸಿಕೊಂಡು ಒಂದೊಂದೇ ಅಂಕಿ ಓದುವಷ್ಟರಲ್ಲಿ ಹೊತ್ತು ಮೀರಿತು. ಮತ್ತೆ ಒಟಿಪಿ, ಮತ್ತೆ ಕೂಗು. ಅಂತೂ ನಾಲ್ಕು ಆಳು ಕೆಲಸ ಬಿಟ್ಟು ನಿಂತ ಮೇಲೆ ಒಬ್ಬನಿಗೆ ಕೆಲಸವಿಲ್ಲ ಎಂಬುದು ಖಾತ್ರಿಯಾಯಿತು.

ಆ ಮನೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಅವ್ವನಿಗೆ ಗೃಹಲಕ್ಷ್ಮಿಯ 2,000, ಮಗನಿಗೆ 3,000. ಬಿಸಿಲಲ್ಲಿ ಬೇಯುವ ಅಪ್ಪನಿಗೆ ಪಿಎಂ ಕಿಸಾನ್ ವರ್ಷಕ್ಕೆ 6,000, ಅಂದರೆ ತಿಂಗಳಿಗೆ 500. ದುಡಿಯುವುದನ್ನು ಬಿಟ್ಟರೆ ಅವರಿಗೂ ಬಡ್ತಿ ಸಿಗಬಹುದೇನೋ. ಇನ್ನು ನಮ್ಮ ಕಲ್ಯಾಣ ಕರ್ನಾಟಕದವರಿಗೆ ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ಕೊಡುವ 371(ಜೆ) ವಿಧಿಯ ಪ್ರಮಾಣಪತ್ರ ಹುಡುಗನ ಟ್ರಂಕಿನಲ್ಲಿ ಭದ್ರವಾಗಿದೆ. ಅದು ಕೊಡಿಸಬೇಕಾದ ಹುದ್ದೆಗಳೂ ಅಷ್ಟೇ ಭದ್ರವಾಗಿ ಖಾಲಿ ಬಿದ್ದಿವೆ.

24 ತಿಂಗಳಾದರೆ ಕೆಲಸ ಸಿಗಲಿ ಬಿಡಲಿ, ಹಣ ನಿಲ್ಲುತ್ತದೆ. ಹುಡುಗನ ಅವಧಿಯೂ ತೀರಿತು. 25 ದಾಟಿದ ರಾತ್ರಿ ಊಟಕ್ಕೆ ಕುಳಿತ ಅಪ್ಪ ಮೊಬೈಲನ್ನು ಹಿಂದೆ ಮುಂದೆ ತಿರುವಿ ನೋಡಿ, ‘ತಮ್ಮಾ, ಈ ಸಲ ನಂಬರ್ ಬರಲೇ ಇಲ್ಲವಲ್ಲ, ನೌಕರಿ ಹತ್ತಿತೇನು?’ ಎಂದರಂತೆ.