ದಾಖಲೆ ಮಳೆಯದೋ, ಮಾಪಕದ್ದೋ?

ಮಳೆಮಾಪಕವನ್ನು ಹತ್ತಿರದಿಂದ ನೋಡಿದವರಿಗೆ ಅದರ ಮೇಲೆ ದೊಡ್ಡ ಗೌರವವೇನೂ ಹುಟ್ಟಲಾರದು. ಬಯಲಿನಲ್ಲಿ ನೆಟ್ಟ ಗಿಡ್ಡನೆಯ ಡಬ್ಬಿ, ಅದರ ಬಾಯಿಗೊಂದು ಆಲಿಕೆ, ಒಳಗೊಂದು ಬಾಟಲಿ, ಅಳೆಯಲು ಗೆರೆ ಹಾಕಿದ ಗಾಜಿನ ಪಾತ್ರೆ. ಅದರ ಸಂಸಾರವೆಲ್ಲ ಇಷ್ಟೇ. ಆದರೂ ಮುಗಿಲಿನ ಪ್ರತಾಪಗಳಿಗೆ ಸಾಕ್ಷಿ ಹೇಳುವ ಅಧಿಕಾರ ಈ ಬಡಪಾಯಿಗೇ ಸೇರಿದ್ದು. ಎಂಥ ಜಡಿಮಳೆಯಾದರೂ ಈ ಆಲಿಕೆಗೆ ಬೀಳದಿದ್ದರೆ ಅಜ್ಜಂದಿರು ಹೇಳುವ ಕಥೆಯಾಗಿ ಉಳಿಯುತ್ತದೆಯೇ ಹೊರತು ದಾಖಲೆಯಾಗುವುದಿಲ್ಲ.

ಇದರ ಮಹಿಮೆಯನ್ನು ಚೆನ್ನಾಗಿ ಬಲ್ಲವರು ಕೊಡಗು, ಚಿಕ್ಕಮಗಳೂರು, ಸಕಲೇಶಪುರ ಸೀಮೆಯ ಕಾಫಿ ಬೆಳೆಗಾರರು. ದೇಶಕ್ಕೆ ಮಿಲಿಮೀಟರು ಬಂದು ಎಷ್ಟೋ ದಶಕಗಳಾದರೂ ತೋಟದ ಮಳೆ ಇನ್ನೂ ಇಂಚು ಮತ್ತು ಸೆಂಟುಗಳಲ್ಲಿಯೇ ಸುರಿಯುತ್ತದೆ. ಇಂಚಿನ ನೂರನೆಯ ಒಂದು ಪಾಲು ಸೆಂಟು. ಬೇಸಿಗೆಯಲ್ಲಿ ಹೂಮಳೆ ಬಿದ್ದ ಮರುದಿನ ಬೆಳಿಗ್ಗೆ "ನಿಮ್ಮಲ್ಲಿ ಎಷ್ಟಾಯಿತು?" ಎಂದು ಫೋನಿನಲ್ಲಿ ವಿಚಾರಿಸುವ ಧ್ವನಿಯಲ್ಲಿ ಕುಶಲಪ್ರಶ್ನೆಯ ಸೌಜನ್ಯವಿದ್ದರೂ, ಪಕ್ಕದ ತೋಟಕ್ಕೆ ಹತ್ತು ಸೆಂಟು ಹೆಚ್ಚು ಬಿದ್ದಿದೆ ಎಂದು ತಿಳಿದಾಗ ಆಗುವ ಸಣ್ಣ ಸಂಕಟವನ್ನು ಯಾವ ಸೌಜನ್ಯವೂ ಮುಚ್ಚಲಾರದು.

ಈ ಪೈಪೋಟಿಯನ್ನೇ ಹಿಗ್ಗಿಸಿ ನೋಡಿದರೆ ಮೇಘಾಲಯದ ಚಿರಾಪುಂಜಿಗೂ ಮೌಸಿನ್‌ರಾಮ್‌ಗೂ ನಡೆದಿರುವ ಸ್ಪರ್ಧೆ ಅರ್ಥವಾಗುತ್ತದೆ. ಬಂಗಾಳದ ಬಯಲಿನಿಂದ ಬರುವ ತೇವದ ಗಾಳಿ ಖಾಸಿ ಬೆಟ್ಟಗಳಿಗೆ ಢಿಕ್ಕಿ ಹೊಡೆದು ಒಮ್ಮೆಗೇ ಮೇಲೇರಿ ತಂಪಾಗುವುದರಿಂದ ಎರಡೂ ಊರುಗಳಿಗೆ ಮಳೆ ಧಾರಾಳ. ವಾರ್ಷಿಕ ಸರಾಸರಿಯ ಲೆಕ್ಕದಲ್ಲಿ ಇಂದು ಮೌಸಿನ್‌ರಾಮ್ ಮುಂದಿದೆಯಾದರೂ, 1860ರ ಆಗಸ್ಟ್‌ನಿಂದ 1861ರ ಜುಲೈವರೆಗಿನ ಹನ್ನೆರಡು ತಿಂಗಳಲ್ಲಿ ಚಿರಾಪುಂಜಿಯಲ್ಲಿ ಅಳೆದ 26,461 ಮಿ.ಮೀ. ಮಳೆಯನ್ನು ಜಗತ್ತಿನ ಯಾವ ಊರೂ ಮೀರಿಸಿಲ್ಲ. ಹರಿದುಹೋಗದೆ ನಿಂತಿದ್ದರೆ ಎತ್ತರದ ತೆಂಗಿನ ಮರವೂ ಮುಳುಗುವಷ್ಟು ನೀರು ಅದು. ಅದರಲ್ಲಿ ಸುಮಾರು 9,300 ಮಿ.ಮೀ. 1861ರ ಜುಲೈ ಒಂದೇ ತಿಂಗಳಿನದು. ಆ ಜುಲೈನಲ್ಲಿ ದಿನದಿನವೂ ಹೊರಗೆ ಹೋಗಿ ಪಾತ್ರೆ ಖಾಲಿ ಮಾಡಿ ಬಂದವರ ಬಗ್ಗೆ ನನಗೆ ಮಳೆಗಿಂತಲೂ ಹೆಚ್ಚಿನ ಬೆರಗು. ಅವರು ಒಂದು ದಿನ "ಇವತ್ತೂ ಅಷ್ಟೇ ಬಿದ್ದಿರಬೇಕು" ಎಂದು ಕಂಬಳಿ ಹೊದ್ದು ಮಲಗಿದ್ದರೆ ಜಗತ್ತಿನ ದಾಖಲೆ ಬೇರೆಯದಾಗುತ್ತಿತ್ತು.

ನಮ್ಮ ಆಗುಂಬೆಗೂ ಇಂಥ ಇಕ್ಕಟ್ಟು ಬಂದಿದೆ. 'ದಕ್ಷಿಣದ ಚಿರಾಪುಂಜಿ' ಎಂಬ ಬಿರುದನ್ನು ಬಹುಕಾಲ ಒಂಟಿಯಾಗಿ ಅನುಭವಿಸಿದ ಈ ಊರಿಗೆ, ಘಟ್ಟದ ಹೆಚ್ಚು ಹೆಚ್ಚು ಮೂಲೆಗಳಲ್ಲಿ ಮಾಪಕಗಳು ನಿಂತ ಮೇಲೆ ಹೊಸನಗರ ತಾಲ್ಲೂಕಿನ ಹುಲಿಕಲ್, ಖಾನಾಪುರ ತಾಲ್ಲೂಕಿನ ಆಮಗಾಂವ್‌ಗಳಂಥ ದಾಯಾದಿಗಳು ಹುಟ್ಟಿಕೊಂಡಿದ್ದಾರೆ. ಅಲ್ಲಿಯ ಮಳೆಯೇನೂ ಹೊಸದಲ್ಲ, ಲೆಕ್ಕ ಮಾತ್ರ ಹೊಸದು.

ಡಬ್ಬಿ ಎಲ್ಲಿ ನಿಂತಿದೆ ಎಂಬುದು ಎಷ್ಟು ಮುಖ್ಯವೆಂಬುದನ್ನು 2005ರ ಜುಲೈ 26ರಂದು ಮುಂಬಯಿ ಕಂಡಿತು. ಸಾಂತಾಕ್ರೂಜ್‌ನ ಮಾಪಕ ಒಂದು ದಿನಕ್ಕೆ 944 ಮಿ.ಮೀ. ತೋರಿಸಿದಾಗ, ಅದೇ ನಗರದ ದಕ್ಷಿಣ ತುದಿಯ ಕೊಲಾಬಾದ ಮಾಪಕದಲ್ಲಿದ್ದದ್ದು ಸುಮಾರು 74 ಮಿ.ಮೀ. ಉಪನಗರಗಳಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಂತಿದ್ದವರಿಗೂ ಕೊಲಾಬಾದಲ್ಲಿ ಛತ್ರಿ ಹಿಡಿದು ನಡೆದವರಿಗೂ ಊರಿನ ಹೆಸರು ಒಂದೇ ಆಗಿತ್ತು. ಆ ದಿನ ಸಾಂತಾಕ್ರೂಜ್‌ನಲ್ಲಿ ಮಾಪಕವಿಲ್ಲದೆ ಕೊಲಾಬಾದ್ದು ಮಾತ್ರ ಇದ್ದಿದ್ದರೆ, ಅಷ್ಟೊಂದು ಜನರ ಪ್ರಾಣ ತೆಗೆದ ಮಳೆ ಸರಕಾರಿ ಪುಸ್ತಕದಲ್ಲಿ ಸಾಧಾರಣ ಆಷಾಢದ ಮಳೆಯಾಗಿ ಕುಳಿತಿರುತ್ತಿತ್ತು.

ಇನ್ನು ಗಡಿಯಾರದ ಪ್ರಶ್ನೆ. ಹವಾಮಾನ ಇಲಾಖೆಯ ಮಳೆದಿನ ಬೆಳಿಗ್ಗೆ 8.30ಕ್ಕೆ ಆರಂಭವಾಗಿ ಮರುದಿನ 8.30ಕ್ಕೆ ಮುಗಿಯುತ್ತದೆ. ಆ ಹೊತ್ತಿಗೆ ಅತ್ತಿತ್ತ ಹಬ್ಬಿಕೊಂಡ ಮಳೆ ಎರಡು ದಿನಗಳಿಗೆ ಪಾಲಾಗಿ, ದಾಖಲೆ ಮುರಿಯುವ ಯೋಗ್ಯತೆಯಿದ್ದೂ ಅಜ್ಞಾತವಾಗಿ ಉಳಿಯಬಹುದು. ಬೆಂಗಳೂರಿನಲ್ಲಿ 2024ರ ಜೂನ್ 2ರಂದು ಬಿದ್ದ 111.1 ಮಿ.ಮೀ. ಮಳೆ, ಜೂನ್ ತಿಂಗಳ ಒಂದು ದಿನದ ಮಳೆಯ ಮಟ್ಟಿಗೆ 1891ರ ಜೂನ್ 16ರ 101.6 ಮಿ.ಮೀ. ದಾಖಲೆಯನ್ನು ಅಳಿಸಿತು. ಆ 101.6 ಎಂಬುದು ಸರಿಯಾಗಿ ನಾಲ್ಕು ಇಂಚು. ಅಷ್ಟು ಅಚ್ಚುಕಟ್ಟಾಗಿ ಸುರಿದ ಮಳೆಯನ್ನು ನಾನು ತುಸು ಅನುಮಾನದಿಂದಲೇ ನೋಡುತ್ತೇನೆ. ಆದರೆ ಅಳೆದವರನ್ನು ಕೇಳೋಣವೆಂದರೆ ತಡವಾಯಿತು.

ತಡವಾದರೂ ಬಿಡದೆ ಕೇಳಿದವರಿದ್ದಾರೆ. 1922ರ ಸೆಪ್ಟೆಂಬರ್ 13ರಂದು, ಆಗ ಇಟಲಿಯ ಆಳ್ವಿಕೆಯಲ್ಲಿದ್ದ ಲಿಬಿಯಾದ ಅಲ್ ಅಜೀಜಿಯಾ ಎಂಬಲ್ಲಿ 58 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಯಿತು. ಭೂಮಿಯ ಅತ್ಯಂತ ಬಿಸಿಯಾದ ಜಾಗವೆಂದು ಶಾಲಾಪುಸ್ತಕಗಳಲ್ಲಿ ಅದು ದಶಕಗಳ ಕಾಲ ಮೆರೆದ ಮೇಲೆ, ವಿಶ್ವ ಹವಾಮಾನ ಸಂಸ್ಥೆಯ ತಜ್ಞರ ತಂಡವೊಂದು ಹಳೆಯ ಕಡತ ಬಿಚ್ಚಿತು. ತಂಡದಲ್ಲಿದ್ದ ಲಿಬಿಯಾದ ವಿಜ್ಞಾನಿ ಖಾಲಿದ್ ಎಲ್ ಫದ್ಲಿ 2011ರ ಕ್ರಾಂತಿಯ ಗದ್ದಲದಲ್ಲಿ ತಿಂಗಳುಗಟ್ಟಲೆ ಸಂಪರ್ಕಕ್ಕೇ ಸಿಗದಿದ್ದುದರಿಂದ ವಿಚಾರಣೆ ನಿಂತು, ಮತ್ತೆ ನಡೆಯಿತು. ಕೊನೆಗೆ ಹೊರಬಿದ್ದದ್ದು ಇಷ್ಟು: ಆ ದಿನಗಳಲ್ಲಿ ಪುಸ್ತಕದ ಕೈಬರಹ ಬದಲಾಗಿತ್ತು, ಹೊಸಬನೊಬ್ಬ ಗರಿಷ್ಠ ಮತ್ತು ಕನಿಷ್ಠದ ಅಂಕಿಗಳನ್ನು ಅದಲುಬದಲು ಕಲಮುಗಳಲ್ಲಿ ಬರೆಯುತ್ತಿದ್ದ, ಉಷ್ಣಮಾಪಕದೊಳಗಿನ ಪುಟ್ಟ ಸೂಚಿಯ ಒಂದು ತುದಿಯನ್ನು ಓದುವ ಬದಲು ಇನ್ನೊಂದು ತುದಿಯನ್ನು ಓದಿರಬೇಕು, ಆ ಸೂಚಿಯ ಉದ್ದವೇ ಏಳು ಡಿಗ್ರಿಯಷ್ಟಿತ್ತು. 2012ರ ಸೆಪ್ಟೆಂಬರ್ 13ರಂದು, ಸರಿಯಾಗಿ ತೊಂಬತ್ತು ವರ್ಷ ತುಂಬಿದ ದಿನ, ದಾಖಲೆ ರದ್ದಾಯಿತು. ಬಿರುದು 1913ರ ಜುಲೈ 10ರಂದು 56.7 ಡಿಗ್ರಿ ಕಂಡಿದ್ದ ಅಮೆರಿಕದ ಡೆತ್ ವ್ಯಾಲಿಗೆ ಹೋಯಿತು. ಅದನ್ನೂ ನಂಬದ ತಜ್ಞರಿದ್ದಾರೆ.

ಆಲಿಕಲ್ಲಿಗಾದರೆ ವಸ್ತುವೇ ಸಾಕ್ಷಿ, ಕಣ್ಣು ತಪ್ಪುವ ಭಯವಿಲ್ಲ ಎಂದುಕೊಂಡರೆ ಅಲ್ಲಿಯ ತೊಡಕು ಬೇರೆ. 2010ರ ಜುಲೈ 23ರಂದು ಅಮೆರಿಕದ ದಕ್ಷಿಣ ಡಕೋಟ ರಾಜ್ಯದ ವಿವಿಯನ್ ಎಂಬ ಹಳ್ಳಿಯಲ್ಲಿ ಬಿದ್ದ ಕಲ್ಲೊಂದನ್ನು ಹೆಕ್ಕಿದವರು ಜಾಣತನದಿಂದ ಫ್ರೀಜರಿನಲ್ಲಿಟ್ಟರು. ಆದರೆ ಬಿರುಗಾಳಿಗೆ ವಿದ್ಯುತ್ ಹೋಗಿತ್ತು. ಅಳೆಯುವ ಅಧಿಕಾರಿಗಳ ಎದುರಿಗೆ ಬರುವ ಹೊತ್ತಿಗೆ ಅದು ಕರಗಿ ಎಂಟು ಇಂಚು ಅಡ್ಡಳತೆಗೆ ಇಳಿದಿತ್ತು. ಹಾಗಿದ್ದೂ ಅಮೆರಿಕದ ದಾಖಲೆ ಅದರದೇ ಆಯಿತು. ಫ್ರೀಜರಿನ ತಳದಲ್ಲಿ ನಿಂತ ನೀರನ್ನು ಮಾತ್ರ ಯಾರೂ ಲೆಕ್ಕಕ್ಕೆ ಸೇರಿಸಿಕೊಳ್ಳಲಿಲ್ಲ.